ಹಳೇ ದೋಣಿ, ಹೊಸ ಯಜಮಾನ



ನಿಮ್ಮ ಮನೆಯ ಗರಾಜಿನಲ್ಲಿ ಒಂದು ಹಳೇ ಸೈಕಲ್ ಇದೆಯಾ? ಚೈನಿಗೆ ತುಕ್ಕು ಹಿಡಿದು, ಟೈರಿನ ಗಾಳಿ ಹೋಗಿ, ಮೂಲೆಯಲ್ಲಿ ಒರಗಿಕೊಂಡಿರೋದು? ನಮ್ಮ ಮನೆಯಲ್ಲಿ ಇದೆ. ನಾನು ಅದನ್ನು ರಿಪೇರಿ ಮಾಡಲು ಕೂತಾಗಲೆಲ್ಲ ನನ್ನ ಮಗಳು ಕೇಳೋದು ಒಂದೇ ಪ್ರಶ್ನೆ. ಅಪ್ಪಾ, ಇಷ್ಟು ಕಷ್ಟಪಡೋ ಬದಲು ಹೊಸದು ತರಬಾರದಾ ಅಂತ.

ಸುಮಾರು 130 ವರ್ಷಗಳ ಹಿಂದೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಜನ ಒಬ್ಬ ನಾವಿಕರನ್ನು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳುತ್ತಿದ್ದರು. ಅವರ ಹೆಸರು ಜೋಶುವಾ ಸ್ಲೋಕಮ್. ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಇಡೀ ಜಗತ್ತನ್ನು ಸುತ್ತಿ ಬಂದ ಮೊದಲನೆಯ ಮನುಷ್ಯ. ಅವರ ಪ್ರಯಾಣದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾನು ಇವತ್ತು ಅವರ ದೋಣಿ ರಿಪೇರಿಯ ಕಥೆಯನ್ನೇ ಜಾಸ್ತಿ ಹೇಳ್ತೀನಿ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತೆ.

ಬೂಟು ಹೊಲಿಯುತ್ತಿದ್ದ ಹುಡುಗ

ಜೋಶುವಾ ಹುಟ್ಟಿದ್ದು 1844ರ ಫೆಬ್ರವರಿ 20ರಂದು, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಮನೆ ತುಂಬ ಮಕ್ಕಳು. ಅವನಿಗೆ ಸುಮಾರು ಎಂಟು ವರ್ಷವಾದಾಗ ಅವರ ಕುಟುಂಬ ಹೊಲ ಬಿಟ್ಟು ಬ್ರಯರ್ ಎಂಬ ಪುಟ್ಟ ದ್ವೀಪಕ್ಕೆ ಬಂತು. ಅಲ್ಲಿ ಅಪ್ಪ ಮೀನುಗಾರರಿಗೆ ಚರ್ಮದ ಬೂಟು ಹೊಲಿದು ಕೊಡುತ್ತಿದ್ದರು. ಜೋಶುವಾನ ಶಾಲೆ ಬೇಗನೇ ನಿಂತುಹೋಯಿತು. ದಿನವಿಡೀ ಅಂಗಡಿಯೊಳಗೆ ಕೂತು ಬೂಟಿನ ಕೆಲಸ ಮಾಡಬೇಕಿತ್ತು. ಹೊರಗೆ ಸಮುದ್ರ, ಒಳಗೆ ಚರ್ಮದ ವಾಸನೆ!

ಒಂದು ಸಲ ಅವನು ಮನೆಯ ನೆಲಮಾಳಿಗೆಯಲ್ಲಿ ಕದ್ದುಮುಚ್ಚಿ ಮರದ ಪುಟ್ಟ ಹಡಗೊಂದನ್ನು ಕೆತ್ತುತ್ತಿದ್ದ. ಅಪ್ಪನ ಕಣ್ಣಿಗೆ ಬಿತ್ತು. ಅವರು ಸಿಟ್ಟಿನಿಂದ ಅದನ್ನು ಒಡೆದು ಚೂರು ಮಾಡಿದರು. ಎಷ್ಟು ಬೇಜಾರಾಗಿರಬೇಕು ನೋಡಿ. ಹದಿನಾಲ್ಕನೇ ವಯಸ್ಸಿಗೆ ಅವನು ಮೀನುಗಾರರ ಹಡಗಿನಲ್ಲಿ ಅಡುಗೆಯವನಾಗಿ ಸೇರಿ ನೋಡಿದ. ಹದಿನಾರಕ್ಕೆ ಅಮ್ಮ ತೀರಿಕೊಂಡ ಮೇಲೆ ಮನೆ ಬಿಟ್ಟು ಹಡಗು ಹತ್ತಿದವನು ಮತ್ತೆ ಬೂಟಿನ ಅಂಗಡಿಗೆ ಬರಲಿಲ್ಲ.

ಹಡಗಿನಲ್ಲಿ ಕೂಲಿ ಕೆಲಸ ಮಾಡುತ್ತಲೇ ಓದಿಕೊಂಡ. ಹದಿನೆಂಟರ ಹೊತ್ತಿಗೆ ಹಡಗಿನ ಅಧಿಕಾರಿಯ ಪರೀಕ್ಷೆ ಪಾಸು ಮಾಡಿದ. ಇಪ್ಪತ್ತೈದರ ಆಸುಪಾಸಿನಲ್ಲಿ ಕ್ಯಾಪ್ಟನ್ ಆದ. ಹಾಗಾಗಿ ಇಲ್ಲಿಂದ ಮುಂದೆ ನಾವೂ ಅವರನ್ನು ಕ್ಯಾಪ್ಟನ್ ಅನ್ನೋಣ, ಅವನು ಬಿಟ್ಟು ಅವರು ಅನ್ನೋಣ.

1871ರಲ್ಲಿ ಸಿಡ್ನಿಯಲ್ಲಿ ವರ್ಜೀನಿಯಾ ಎಂಬುವರನ್ನು ಮದುವೆಯಾದರು. ಆಕೆ ಗಂಡನ ಜೊತೆ ಹಡಗಿನಲ್ಲೇ ಸಂಸಾರ ಹೂಡಿದರು. ಅವರ ಮಕ್ಕಳು ಹುಟ್ಟಿದ್ದೆಲ್ಲ ಸಮುದ್ರದ ಮೇಲೆ ಅಥವಾ ಯಾವುದೋ ದೂರದ ಬಂದರಿನಲ್ಲಿ. 1884ರಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ, ಹಡಗಿನ ಮೇಲೆಯೇ, ವರ್ಜೀನಿಯಾ ಕಾಯಿಲೆಯಿಂದ ತೀರಿಕೊಂಡರು. ಎರಡು ವರ್ಷಗಳ ನಂತರ ಕ್ಯಾಪ್ಟನ್ ಹೆನ್ರಿಯೆಟ್ಟಾ ಎಂಬುವರನ್ನು ಮದುವೆಯಾದರು. 1887ರ ಕೊನೆಗೆ ಬ್ರೆಜಿಲ್ ಕರಾವಳಿಯಲ್ಲಿ ಅವರ ಸ್ವಂತ ಹಡಗು ಮರಳಿನ ದಿಬ್ಬಕ್ಕೆ ಸಿಕ್ಕಿ ನಾಶವಾಯಿತು. ಕ್ಯಾಪ್ಟನ್ ಅಲ್ಲೇ ದಡದಲ್ಲಿ 35 ಅಡಿಯ ದೋಣಿಯೊಂದನ್ನು ಕಟ್ಟಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಅಮೆರಿಕಕ್ಕೆ ಬಂದುಬಿಟ್ಟರು!

ಆದರೆ ಕೆಲಸ ಸಿಗಲಿಲ್ಲ. ಎಲ್ಲ ಕಡೆ ಉಗಿಹಡಗುಗಳು ಬಂದಿದ್ದವು. ಹಾಯಿಹಡಗಿನ ಕ್ಯಾಪ್ಟನ್ ಯಾರಿಗೆ ಬೇಕು? ವಯಸ್ಸು ಐವತ್ತರ ಹತ್ತಿರ, ಕೈಯಲ್ಲಿ ದುಡ್ಡಿಲ್ಲ, ಗೊತ್ತಿರೋ ಒಂದೇ ವಿದ್ಯೆಗೆ ಬೆಲೆಯಿಲ್ಲ. ಇದನ್ನು ಓದುತ್ತಿರೋ ಅಪ್ಪ ಅಮ್ಮಂದಿರಿಗೆ ಈ ಚಿಂತೆ ಬೇಗ ಅರ್ಥವಾಗುತ್ತೆ ಅನ್ಸುತ್ತೆ. ನಮ್ಮ ಕ್ಷೇತ್ರದಲ್ಲೂ ನಿನ್ನೆಯ ವಿದ್ಯೆ ಇವತ್ತಿಗೆ ಹಳತು.

ಹೊಲದಲ್ಲಿ ನಿಂತಿದ್ದ ದೋಣಿ

1892ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಅವರಿಗೆ ಎಬೆನ್ ಪಿಯರ್ಸ್ ಎಂಬ ಹಳೆಯ ಪರಿಚಯದವರು ಸಿಕ್ಕಿದರು. ತಿಮಿಂಗಿಲ ಬೇಟೆಯ ಹಡಗಿನಲ್ಲಿ ಕ್ಯಾಪ್ಟನ್ ಆಗಿದ್ದವರು. ಫೇರ್‌ಹೇವನ್‌ಗೆ ಬಾ, ನಿನಗೊಂದು ಹಡಗು ಕೊಡ್ತೀನಿ, ಸ್ವಲ್ಪ ರಿಪೇರಿ ಇದೆ ಅಷ್ಟೇ ಅಂದರು. ಸ್ಲೋಕಮ್ ಮರುದಿನವೇ ಓಡಿದರು.

ಹೋಗಿ ನೋಡಿದರೆ ಸಮುದ್ರದಲ್ಲಿ ಹಡಗೇ ಇಲ್ಲ! ನೀರಿನಿಂದ ಸ್ವಲ್ಪ ದೂರದ ಹೊಲದಲ್ಲಿ, ಊರೆಗೋಲು ಕೊಟ್ಟು ನಿಲ್ಲಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿದ ಒಂದು ಮುದಿ ದೋಣಿ ನಿಂತಿತ್ತು. ಹೆಸರು ಸ್ಪ್ರೇ, ಅಂದರೆ ತುಂತುರು. ಏಳು ವರ್ಷದಿಂದ ಅದು ಹಾಗೇ ನಿಂತಿತ್ತು. ಪಿಯರ್ಸ್ ತಮಾಷೆ ಮಾಡಿದ್ದರು ಅಂತ ಕಾಣುತ್ತೆ. ಕೊಡಲಿ ಹಿಡಿದು ಬಂದ ಸ್ಲೋಕಮ್ ಅವರನ್ನು ನೋಡಿ ಊರಿನವರು, ಅಂತೂ ಒಡೆದು ಹಾಕೋಕೆ ಯಾರೋ ಬಂದರು ಅಂದುಕೊಂಡರು. ಇಲ್ಲ, ಮತ್ತೆ ಕಟ್ಟೋಕೆ ಬಂದಿದ್ದೀನಿ ಅಂದಾಗ ಎಲ್ಲರಿಗೂ ಆಶ್ಚರ್ಯ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಕೇಳಿಸಿಕೊಂಡದ್ದು ಒಂದೇ ಪ್ರಶ್ನೆ. ಇದರಿಂದ ಲಾಭ ಇದೆಯಾ?

ಬೆನ್ನುಮೂಳೆಯಿಂದ ಶುರು

ಮಕ್ಕಳೇ, ಹಳೇ ದೋಣಿ ಸಿಕ್ಕ ತಕ್ಷಣ ನಮಗೆಲ್ಲ ಮೊದಲು ಏನು ಮಾಡಬೇಕು ಅನ್ಸುತ್ತೆ? ಹೊಸ ಬಣ್ಣ ಬಳಿಯೋಣ ಅನ್ಸುತ್ತೆ ಅಲ್ವಾ? ಕ್ಯಾಪ್ಟನ್ ಹಾಗೆ ಮಾಡಲಿಲ್ಲ. ಅವರು ಶುರು ಮಾಡಿದ್ದು ಯಾರ ಕಣ್ಣಿಗೂ ಕಾಣದ ಕಡೆಯಿಂದ.

ದೋಣಿಯ ತಳದಲ್ಲಿ ಉದ್ದಕ್ಕೆ ಒಂದು ದಪ್ಪ ಮರ ಇರುತ್ತೆ. ಅದನ್ನು ಕೀಲ್ ಅಂತಾರೆ. ನಮಗೆ ಬೆನ್ನುಮೂಳೆ ಇದ್ದ ಹಾಗೆ. ಹತ್ತಿರದಲ್ಲೇ ಇದ್ದ ಗಟ್ಟಿ ಓಕ್ ಮರ ಕಡಿದು ಅವರು ಹೊಸ ಕೀಲ್ ಮಾಡಿದರು. ಆಮೇಲೆ ಪಕ್ಕೆಲುಬುಗಳು. ನೆಟ್ಟಗಿರೋ ಮರವನ್ನು ಬಗ್ಗಿಸೋದು ಹೇಗೆ? ಅವರು ಒಂದು ಉದ್ದನೆಯ ಪೆಟ್ಟಿಗೆ ಮಾಡಿ, ನೀರು ಕಾಯಿಸಿ, ಅದರ ಆವಿಯಲ್ಲಿ ಮರವನ್ನು ಇಡ್ಲಿ ಬೇಯಿಸಿದ ಹಾಗೆ ಬೇಯಿಸಿದರು! ಮೆತ್ತಗಾದ ಮೇಲೆ ದಿಮ್ಮಿಯೊಂದರ ಮೇಲೆ ಬಗ್ಗಿಸಿ ಕಟ್ಟಿಟ್ಟರು. ತಣ್ಣಗಾದಾಗ ಮರ ಆ ಆಕಾರದಲ್ಲೇ ನಿಂತಿತು.

ಪಕ್ಕೆಲುಬುಗಳ ಮೇಲೆ ಒಂದೂವರೆ ಇಂಚು ದಪ್ಪದ ಪೈನ್ ಹಲಗೆಗಳನ್ನು ಹೊಡೆದರು. ಇಡೀ ದೋಣಿಗೆ ಸುಮಾರು ಸಾವಿರ ಬೋಲ್ಟ್ ಹಿಡಿದವು. ಹಲಗೆಗಳ ನಡುವಿನ ಸಂದಿಗಳಿಗೆ ಮೊದಲು ಹತ್ತಿ, ಅದರ ಮೇಲೆ ನಾರು ತುರುಕಿ ಬಡಿದರು. ತಳಕ್ಕೆ ತಾಮ್ರದ ಬಣ್ಣ ಎರಡು ಸಲ ಬಳಿದರು, ಹುಳ ಕೊರೆಯದ ಹಾಗೆ. ನೋಡಿ, ಬಣ್ಣ ಬಂದಿದ್ದು ಎಲ್ಲಕ್ಕಿಂತ ಕೊನೆಗೆ.

ಊರಿನ ಮುದಿ ನಾವಿಕರು ದಿನಾ ಬಂದು ನೋಡುತ್ತಿದ್ದರು, ಸಲಹೆ ಕೊಡುತ್ತಿದ್ದರು. ಕೆಲವರು ಈ ದೋಣಿ ಐಸ್ ಒಡೆಯೋ ಅಷ್ಟು ಗಟ್ಟಿ ಅಂದರು. ಕೆಲವರು ತಪ್ಪು ಹುಡುಕಿದರು. ಕೋಡ್ ರಿವ್ಯೂ ಅಂದ್ರೆ ಇದೇ ಅಲ್ವಾ!

ಹದಿಮೂರು ತಿಂಗಳು ಕ್ಯಾಪ್ಟನ್ ತಮ್ಮ ಕೈಯಿಂದಲೇ ದುಡಿದರು. ಸಾಮಾನಿಗೆ ಆದ ಖರ್ಚು 553 ಡಾಲರ್ 62 ಸೆಂಟ್. ಸೆಂಟಿನವರೆಗೂ ಲೆಕ್ಕ ಇಟ್ಟಿದ್ದಾರೆ. 36 ಅಡಿ 9 ಇಂಚು ಉದ್ದ, 14 ಅಡಿ 2 ಇಂಚು ಅಗಲದ ದೋಣಿ ನೀರಿಗಿಳಿಯಿತು.

ಈಗ ನಿಮಗೊಂದು ಪ್ರಶ್ನೆ. ಹಳೇ ಹಲಗೆ ಒಂದೊಂದಾಗಿ ಹೋಯಿತು, ಹೊಸ ಹಲಗೆ ಒಂದೊಂದಾಗಿ ಬಂತು. ಹಾಗಾದರೆ ಇದು ಹಳೇ ಸ್ಪ್ರೇಯಾ, ಹೊಸ ದೋಣಿಯಾ? ಕ್ಯಾಪ್ಟನ್‌ಗೂ ಇದೇ ಯೋಚನೆ ಬಂದಿತ್ತು. ಬದಲಾವಣೆ ಎಷ್ಟು ನಿಧಾನವಾಗಿ ಆಯಿತೆಂದರೆ, ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಹುಟ್ಟಿತು ಅಂತ ಅವರಿಗೇ ಹೇಳಲು ಆಗಲಿಲ್ಲ. ಹೆಸರನ್ನು ಮಾತ್ರ ಬದಲಾಯಿಸಲಿಲ್ಲ. ಊಟದ ಹೊತ್ತಿನಲ್ಲಿ ಅಪ್ಪ ಅಮ್ಮನ ಜೊತೆ ಇದರ ಬಗ್ಗೆ ವಾದ ಮಾಡಿ ನೋಡಿ.

ದಾರಿಯುದ್ದಕ್ಕೂ ರಿಪೇರಿ

ಮೊದಲು ಅವರು ಮೀನು ಹಿಡಿಯಲು ಹೋದರು. ಅದು ಕೈಹತ್ತಲಿಲ್ಲ. ಆಗ ಜಗತ್ತನ್ನೇ ಸುತ್ತೋಣ ಅಂತ ತೀರ್ಮಾನ ಮಾಡಿದರು! 1895ರ ಏಪ್ರಿಲ್ 24ರಂದು, 51ನೇ ವಯಸ್ಸಿನಲ್ಲಿ, ಬಾಸ್ಟನ್ ಬಿಟ್ಟರು. ಜೊತೆಯಲ್ಲಿ ಯಾರೂ ಇಲ್ಲ. ಎಂಜಿನ್ ಇಲ್ಲ, ರೇಡಿಯೋ ಇಲ್ಲ. ಈಜು ಕೂಡ ಬರುತ್ತಿರಲಿಲ್ಲ.

ದಡಕ್ಕೆ ಹೋಗಿಬರಲು ಸಣ್ಣ ದೋಣಿ ಬೇಕಿತ್ತು, ಆದರೆ ಇಡೀ ದೋಣಿಗೆ ಜಾಗ ಇಲ್ಲ. ಬಿಸಾಡಿದ್ದ ಒಂದು ದೋಣಿಯನ್ನು ಅಡ್ಡಕ್ಕೆ ಗರಗಸದಿಂದ ಕೊಯ್ದು, ಅರ್ಧಕ್ಕೆ ಹಲಗೆ ಮುಚ್ಚಿ ಇಟ್ಟುಕೊಂಡರು. ಅದೇ ಬಟ್ಟೆ ಒಗೆಯೋ ತೊಟ್ಟಿ, ಅದೇ ಸ್ನಾನದ ತೊಟ್ಟಿ. ಗಡಿಯಾರದ ಕಥೆ ಇನ್ನೂ ಚೆನ್ನಾಗಿದೆ. ಅವರ ಒಳ್ಳೆಯ ಗಡಿಯಾರದ ರಿಪೇರಿಗೆ 15 ಡಾಲರ್ ಕೇಳಿದರು. ಅದನ್ನು ಬಿಟ್ಟು, ಗಾಜು ಒಡೆದಿದ್ದ ಒಂದು ತಗಡಿನ ಗಡಿಯಾರವನ್ನು ಚೌಕಾಸಿ ಮಾಡಿ ಒಂದು ಡಾಲರ್‌ಗೆ ತಂದರು. ಮುಂದೆ ಅದರ ನಿಮಿಷದ ಮುಳ್ಳೂ ಬಿದ್ದುಹೋಯಿತು. ನೀರಿನಲ್ಲಿ ಕುದಿಸಿದ ಮೇಲೆ ಮತ್ತೆ ಗಂಟೆ ತೋರಿಸಿತು!

ಒಂದು ಸಲ ಸರಿ ಮಾಡಿದರೆ ಮುಗೀತು ಅಂತ ಅವರು ಅಂದುಕೊಳ್ಳಲಿಲ್ಲ. ದಕ್ಷಿಣ ಅಮೆರಿಕದ ತುದಿಯಲ್ಲಿ ಭಾರೀ ಗಾಳಿ ಇರುತ್ತೆ ಅಂತ ಮೊದಲೇ ಯೋಚಿಸಿ, ಬ್ಯೂನಸ್ ಐರಿಸ್‌ನಲ್ಲಿ ಹಾಯಿಕಂಬವನ್ನೇ ಏಳು ಅಡಿ ಕತ್ತರಿಸಿದರು. ಹಿಂದುಗಡೆ ಇನ್ನೊಂದು ಸಣ್ಣ ಕಂಬಕ್ಕೆ ಏರ್ಪಾಡು ಮಾಡಿಕೊಂಡರು. ಅಪ್‌ಗ್ರೇಡ್ ಅಂದರೆ ಯಾವಾಗಲೂ ದೊಡ್ಡದು ಮಾಡೋದಲ್ಲ, ಕೆಲವೊಮ್ಮೆ ಚಿಕ್ಕದು ಮಾಡೋದು. ಮೆಗೆಲ್ಲನ್ ಜಲಸಂಧಿ ದಾಟಿ ಪೆಸಿಫಿಕ್‌ಗೆ ಬಂದಾಗ ಬಿರುಗಾಳಿ ಹಾಯಿಯನ್ನು ಹರಿದು ಹಾಕಿ, ದೋಣಿಯನ್ನು ಮತ್ತೆ ಆ ಜಲಸಂಧಿಗೇ ತಳ್ಳಿತು. ಅವರು ಸೂಜಿ ದಾರ ಹಿಡಿದು ಕೂತು ಹೊಲಿದರು. ಬೂಟಿನ ಅಂಗಡಿಯ ಹುಡುಗನಿಗೆ ಹೊಲಿಗೆ ಹೊಸದೇನಲ್ಲವಲ್ಲ! ರಾತ್ರಿ ಕಳ್ಳರು ಹತ್ತದಂತೆ ಡೆಕ್ ಮೇಲೆ ಸಣ್ಣ ಮೊಳೆ ಚೆಲ್ಲಿ ಮಲಗುತ್ತಿದ್ದರು. ಬರಿಗಾಲಲ್ಲಿ ಬಂದವರು ಕಿರುಚಿಕೊಂಡು ನೀರಿಗೆ ಹಾರಿದರಂತೆ.

ಟ್ಯಾಸ್ಮೇನಿಯಾದಲ್ಲಿ ದೋಣಿಯನ್ನು ದಡಕ್ಕೆ ಎಳೆಸಿ ತಳವನ್ನೆಲ್ಲ ಪರೀಕ್ಷೆ ಮಾಡಿದರು. ಮರ ಕೊರೆಯೋ ಹುಳ ಒಂದೂ ಇರಲಿಲ್ಲ. ಆದರೂ ಮುಂದೆ ಬಿಸಿನೀರಿನ ಸಮುದ್ರ ಇದೆ ಅಂತ ಇನ್ನೊಂದು ಸಲ ತಾಮ್ರದ ಬಣ್ಣ ಬಳಿದರು.

ಇದರ ಫಲ ಏನು ಗೊತ್ತಾ? ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿ, 23 ದಿನ. ಅಷ್ಟೂ ದಿನಗಳಲ್ಲಿ ಅವರು ಚುಕ್ಕಾಣಿ ಹಿಡಿದದ್ದು ಒಟ್ಟು ಸುಮಾರು ಮೂರು ಗಂಟೆ ಮಾತ್ರ! ಹಾಯಿಗಳನ್ನು ಹದವಾಗಿ ಹೊಂದಿಸಿ, ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿಟ್ಟರೆ ಸಾಕು, ಉದ್ದನೆಯ ಕೀಲ್ ಇದ್ದ ಸ್ಪ್ರೇ ತಾನೇ ದಾರಿ ಹಿಡಿದು ಹೋಗುತ್ತಿತ್ತು. ಯಜಮಾನರು ಒಳಗೆ ಪುಸ್ತಕ ಓದುತ್ತಿದ್ದರು, ಅಡುಗೆ ಮಾಡುತ್ತಿದ್ದರು, ನಿದ್ದೆ ಹೋಗುತ್ತಿದ್ದರು.

1898ರ ಜೂನ್ 27ರಂದು ಅವರು ಅಮೆರಿಕದ ನ್ಯೂಪೋರ್ಟ್ ತಲುಪಿದರು. ಮೂರು ವರ್ಷ ಎರಡು ತಿಂಗಳು, ಸುಮಾರು 46,000 ಮೈಲಿ. ಆದರೂ ಅವರಿಗೆ ಸಮಾಧಾನ ಇಲ್ಲ. ಜುಲೈ 3ಕ್ಕೆ ಸ್ಪ್ರೇಯನ್ನು ಫೇರ್‌ಹೇವನ್‌ಗೆ ತಂದು, ಅದು ಮೊದಲು ನೀರಿಗಿಳಿದಾಗ ಕಟ್ಟಿದ್ದ ಅದೇ ಗೂಟಕ್ಕೆ ಮತ್ತೆ ಕಟ್ಟಿದರು. ತವರಿಗೆ ಕರಕೊಂಡು ಬಂದ ಹಾಗೆ.

ಕೊನೆಯ ಮಾತು

1900ರಲ್ಲಿ ಅವರು ಬರೆದ ಪ್ರವಾಸದ ಪುಸ್ತಕ ಪ್ರಕಟವಾಗಿ ಹೆಸರು ತಂದಿತು. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಮನೆ, ಜಮೀನು ಕೊಂಡರು. ಆದರೆ ನೆಲದ ಮೇಲೆ ಮನಸ್ಸು ನಿಲ್ಲಲಿಲ್ಲ. ವಯಸ್ಸಾಗುತ್ತಾ ದೋಣಿಯ ಮೇಲಿನ ನಿಗಾ ಕಡಿಮೆಯಾಯಿತು. ಆ ವರ್ಷಗಳಲ್ಲಿ ಸ್ಪ್ರೇಯನ್ನು ನೋಡಿದವರು ಹಗ್ಗಗಳು ಸವೆದಿದ್ದವು, ದೋಣಿ ಕೊಳಕಾಗಿತ್ತು ಅಂತ ಹೇಳಿದ್ದಾರೆ. 1909ರ ನವೆಂಬರ್‌ನಲ್ಲಿ ದಕ್ಷಿಣದ ಕಡೆಗೆ ಒಬ್ಬರೇ ಹೊರಟರು ಅಂತ ಹೆಚ್ಚಿನ ಪುಸ್ತಕಗಳಲ್ಲಿದೆ. ಮತ್ತೆ ಅವರನ್ನಾಗಲಿ ಸ್ಪ್ರೇಯನ್ನಾಗಲಿ ಯಾರೂ ನೋಡಲಿಲ್ಲ. ಬಿರುಗಾಳಿಯೋ, ಯಾವುದಾದರೂ ಹಡಗು ಡಿಕ್ಕಿ ಹೊಡೆಯಿತೋ, ಹಲಗೆಯೇ ಬಿಟ್ಟಿತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಕ್ಕಳೇ, ಕೊನೆ ಸ್ವಲ್ಪ ಬೇಜಾರಿನದು, ನಿಜ. ಆದರೆ ಮುಚ್ಚಿಟ್ಟರೆ ಕಥೆ ಅರ್ಧ ಆಗುತ್ತೆ. ನಾನು ಕೆಲಸ ಮಾಡೋದು ಸಾಫ್ಟ್‌ವೇರ್‌ನಲ್ಲಿ. ಬೇರೆಯವರು ಎಷ್ಟೋ ವರ್ಷದ ಹಿಂದೆ ಬರೆದ ಪ್ರೋಗ್ರಾಂ ನನ್ನ ಕೈಗೆ ಬಂದಾಗ ಎಲ್ಲ ಅಳಿಸಿ ಹೊಸದಾಗಿ ಬರೆಯೋಣ ಅನ್ಸುತ್ತೆ. ಆಗ ಹೊಲದಲ್ಲಿ ನಿಂತಿದ್ದ ಆ ದೋಣಿ ನೆನಪಾಗುತ್ತೆ. ಒಂದು ಹಲಗೆ ತೆಗಿ, ಒಂದು ಹಲಗೆ ಹಾಕು. ನಾಳೆ ಮತ್ತೆ ಬಂದು ನೋಡು.

ಸ್ಪ್ರೇಯನ್ನು ಕಟ್ಟಿದ ಆ ಹದಿಮೂರು ತಿಂಗಳಲ್ಲಿ ಕ್ಯಾಪ್ಟನ್ ಕೂಡ ಸ್ವಲ್ಪ ಸ್ವಲ್ಪವಾಗಿ ರಿಪೇರಿಯಾದರು ಅಂತ ನನಗನ್ಸುತ್ತೆ. ಕೆಲಸ ಕಳೆದುಕೊಂಡು ಫೇರ್‌ಹೇವನ್‌ಗೆ ಬಂದವರು, ಜಗತ್ತು ಸುತ್ತುವ ಧೈರ್ಯ ತುಂಬಿಕೊಂಡು ಅಲ್ಲಿಂದ ಹೊರಟರು. ಲಾಭ ಇದೆಯಾ ಅಂತ ಕೇಳಿದವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ನಮ್ಮ ಗರಾಜಿನ ಸೈಕಲ್ ಇನ್ನೂ ಪೂರ್ತಿ ಸರಿಯಾಗಿಲ್ಲ. ಹಿಂದಿನ ಬ್ರೇಕ್ ಬಾಕಿ ಇದೆ. ಮುಂದಿನ ಭಾನುವಾರ ಮಗಳು ಸ್ಪ್ಯಾನರ್ ಹಿಡಿಯೋಕೆ ಒಪ್ಪಿದ್ದಾಳೆ. ನಿಮ್ಮ ಮನೆಯಲ್ಲಿ ಯಾವ ಹಳೇ ವಸ್ತು ಕಾಯ್ತಾ ಇದೆ? ಹುಡುಕಿ, ಸರಿ ಮಾಡಿ, ತರಗತಿಗೆ ಬಂದಾಗ ನನಗೆ ಹೇಳಿ.