ಕಾಲರಾದ ಗುಟ್ಟು ಬಿಡಿಸಿದ ಶಂಭುನಾಥ ಡೇ

ಇಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಯಾವ ಆರೋಗ್ಯ ಕೇಂದ್ರಕ್ಕೆ ಹೋದರೂ, ವಾಂತಿಭೇದಿಯಿಂದ ಬಳಲುವ ಮಗುವಿಗೆ ಉಪ್ಪು, ಗ್ಲೂಕೋಸು ಬೆರೆತ ಪುಡಿಯ ಪೊಟ್ಟಣವೊಂದನ್ನು ಕೊಡುತ್ತಾರೆ. ಅದನ್ನು ಶುದ್ಧವಾದ ನೀರಿನಲ್ಲಿ ಕದಡಿ ಕುಡಿಸಿದರೆ ಬಾಡಿದ ಮಗು ಚೇತರಿಸಿಕೊಳ್ಳುತ್ತದೆ. ಹಿಂದಿನ ಕಾಲ ಹೀಗಿರಲಿಲ್ಲ. ಕಾಲರಾ ಹೊಕ್ಕ ಊರಿನಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಹೆಣವಾಗುವುದುಂಟು. ಜನರು ಅದನ್ನು ಮಾರಿಯ ಮುನಿಸೆಂದು ಬಗೆದು ಹರಕೆ ಹೊರುತ್ತಿದ್ದರು. ಈ ರೋಗವು ಮನುಷ್ಯನನ್ನು ಕೊಲ್ಲುವ ಬಗೆಯನ್ನು ಬೆಳಕಿಗೆ ತಂದವರು ಬಂಗಾಳದ ವೈದ್ಯ ವಿಜ್ಞಾನಿ ಶಂಭುನಾಥ ಡೇ.

ಅವರು 1915ರ ಫೆಬ್ರುವರಿ 1ರಂದು ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ ಜನಿಸಿದರು. ಮನೆಯಲ್ಲಿ ಸಿರಿತನವಿರಲಿಲ್ಲ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಪದವಿ ಪಡೆದ ಅವರು ಲಂಡನ್ನಿಗೆ ತೆರಳಿ, ರೋಗಶಾಸ್ತ್ರದಲ್ಲಿ ಹೆಸರಾಂತ ಸರ್ ರಾಯ್ ಕ್ಯಾಮರನ್ ಅವರ ಬಳಿ ಸಂಶೋಧನೆ ನಡೆಸಿ 1949ರಲ್ಲಿ ಪಿಎಚ್.ಡಿ. ಪಡೆದರು. ತಾಯ್ನಾಡಿಗೆ ಮರಳಿದೊಡನೆ ಅವರ ಮನಸ್ಸು ಕಾಲರಾದ ಕಡೆಗೆ ತಿರುಗಿತು.

ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿಯೇ ಕಾಲರಾದ ರೋಗಾಣುವನ್ನು ಗುರುತಿಸಿದ್ದನು. ಆ ಅಣುಜೀವಿ ವಿಷವೊಂದನ್ನು ಸ್ರವಿಸುತ್ತಿರಬೇಕೆಂದು ಅವನು ಊಹಿಸಿದ್ದನು. ಆದರೆ ಎಪ್ಪತ್ತು ವರ್ಷ ಕಳೆದರೂ ಅದನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ಡೇ ಅವರು ಕೈಗೊಂಡ ಪ್ರಯೋಗ ಅತಿ ಸರಳವಾದುದು. ಮೊಲಕ್ಕೆ ಅರಿವಳಿಕೆ ಕೊಟ್ಟು, ಅದರ ಸಣ್ಣ ಕರುಳಿನ ಒಂದು ತುಣುಕನ್ನು ಎರಡು ಕಡೆ ದಾರದಿಂದ ಬಿಗಿದು, ನಡುವೆ ರೋಗಾಣುಗಳನ್ನು ಸೇರಿಸಿದರು. ಒಂದು ದಿನದೊಳಗಾಗಿ ಆ ಭಾಗವು ನೀರು ತುಂಬಿ ಉಬ್ಬಿಕೊಂಡಿತು. ರೋಗಾಣು ಸೇರದ ಭಾಗ ಹಾಗೆಯೇ ಉಳಿಯಿತು. ಇದು 1953ರಲ್ಲಿ ಪ್ರಕಟವಾಯಿತು. ಅನಂತರ ಅವರು ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ರೋಗಾಣುವೂ ಉಳಿಯದ ತಿಳಿಯನ್ನು ಮಾತ್ರ ಕರುಳಿಗೆ ಸೇರಿಸಿದರು. ಆಗಲೂ ಕರುಳು ಉಬ್ಬಿತು! ನೀರನ್ನು ಹೊರಸೆಳೆಯುತ್ತಿದ್ದುದು ರೋಗಾಣುವಿನ ದೇಹವಲ್ಲ, ಅದು ಸ್ರವಿಸಿದ ವಿಷ ಎಂಬುದು ಸ್ಥಿರಪಟ್ಟಿತು. ಈ ಪುಟ್ಟ ಪ್ರಬಂಧವು 1959ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಬ್ಯಾಡಗಿಯ ಪೇಟೆಗೆ ಬಂದ ಮೆಣಸಿನಕಾಯಿಯ ಬೆಲೆ ಅಂದೇ ತಿಳಿಯುತ್ತದೆ. ವಿಜ್ಞಾನದ ಪೇಟೆಯಲ್ಲಿ ಹಾಗಲ್ಲ. ವಿಜ್ಞಾನಿಯು ಪ್ರಬಂಧ ಬರೆಯುವಾಗ ತಾನು ಯಾರ ಶೋಧನೆಯನ್ನು ಆಧರಿಸಿದೆನೆಂಬುದನ್ನು ಹೆಸರಿಸಿ ಉಲ್ಲೇಖಿಸುವುದು ಪದ್ಧತಿ. ಒಂದು ಪ್ರಬಂಧವನ್ನು ಎಷ್ಟು ಮಂದಿ ಹೀಗೆ ಉಲ್ಲೇಖಿಸಿದರೆಂಬುದರಿಂದ ಅದರ ಪ್ರಭಾವವನ್ನು ಅಳೆಯಬಹುದು. ಡೇ ಅವರ 1959ರ ಪ್ರಬಂಧವನ್ನು ಮೊದಮೊದಲು ಹೆಚ್ಚು ಜನ ಗಮನಿಸಲಿಲ್ಲ. ಅಮೆರಿಕದ ವಿಜ್ಞಾನಿಗಳು 1969ರಲ್ಲಿ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಕಾಲರಾದ ಅಧ್ಯಯನ ಬೆಳೆದಂತೆಲ್ಲ ಈ ಹಳೆಯ ಪ್ರಬಂಧವನ್ನು ಹುಡುಕಿ ಓದುವವರು ಹೆಚ್ಚಿದರು.

ಸತ್ತವನ ಕರುಳು ಕೊಳೆತುಹೋಗಿರುವುದಿಲ್ಲ, ದೇಹದ ನೀರೂ ಲವಣವೂ ಸೋರಿ ಸಾವು ಬರುತ್ತದೆ ಎಂಬ ತಿಳಿವಳಿಕೆಯು ಚಿಕಿತ್ಸೆಯ ದಾರಿಯನ್ನು ನಿಚ್ಚಳಗೊಳಿಸಿತು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸಿನ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಡೇ ಅವರಿಗೆ ಸಂದ ಗೌರವವಾದರೋ ಅತ್ಯಲ್ಪ. ಬದುಕಿರುವಾಗ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1973ರಲ್ಲಿ ಅವರು ಸದ್ದಿಲ್ಲದೆ ನಿವೃತ್ತರಾದರು. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ವಿಚಾರ ಸಂಕಿರಣಕ್ಕೆ ಆಹ್ವಾನ ಬಂದಾಗ, ಅವರ ಹೆಸರನ್ನೇ ಕೇಳಿರದ ಅನೇಕರಿಗೆ ಅಚ್ಚರಿಯಾಗಿರಬೇಕು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ಆ ಪ್ರಶಸ್ತಿಗೆ ಡೇ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು, ಪ್ರಶಸ್ತಿ ಬರಲಿಲ್ಲ.

1985ರ ಏಪ್ರಿಲ್ 15ರಂದು ಡೇ ತೀರಿಕೊಂಡರು. ಉಲ್ಲೇಖಗಳ ಲೆಕ್ಕವಿಡುವ ಸೂಚಿಯನ್ನು ಸ್ಥಾಪಿಸಿದ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಮರುವರ್ಷ ಅವರ ಪ್ರಬಂಧಗಳ ಪ್ರಭಾವವನ್ನು ಲೆಕ್ಕಹಾಕಿ ದೀರ್ಘವಾದ ಲೇಖನವೊಂದನ್ನು ಬರೆದನು. 1990ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯು ಒಂದು ವಿಶೇಷ ಸಂಚಿಕೆಯನ್ನೇ ಅವರ ಕೆಲಸಕ್ಕೆ ಮೀಸಲಿಟ್ಟಿತು.