ಹಕ್ಕಿಗಳ ಸಂತ, ಕುಷ್ಠರೋಗಿಗಳ ಗೆಳೆಯ: ಅಸ್ಸಿಸಿಯ ಫ್ರಾನ್ಸಿಸ್

ಇಟಲಿಯ ಅಸ್ಸಿಸಿ ಪಟ್ಟಣದ ಸಂತ ಫ್ರಾನ್ಸಿಸ್ ಬಾಳಿ ತೋರಿಸಿದ ದಾರಿಗೆ ಫ್ರಾನ್ಸಿಸ್ಕನ್ ಅಧ್ಯಾತ್ಮ ಎಂದು ಹೆಸರು. ಸರಳವಾಗಿ ಬದುಕುವುದು, ಊರು ಹೊರಗಿಟ್ಟವರ ಬಳಿಗೆ ತಾನಾಗಿ ಹೋಗುವುದು, ಮಣ್ಣು, ನೀರು, ಪ್ರಾಣಿ, ಪಕ್ಷಿಗಳನ್ನೂ ಒಡಹುಟ್ಟಿದವರೆಂದು ಕಾಣುವುದು ಇದರ ತಿರುಳು.

ಫ್ರಾನ್ಸಿಸರು ಹುಟ್ಟಿದ್ದು 1181 ಅಥವಾ 1182ರಲ್ಲಿ, ಸಿರಿವಂತ ಬಟ್ಟೆ ವ್ಯಾಪಾರಿಯ ಮನೆಯಲ್ಲಿ. ಯೌವನ ಹಾಡು, ಔತಣಗಳಲ್ಲಿ ಕಳೆಯಿತು. ಪೆರುಜಿಯಾ ಪಟ್ಟಣದ ಮೇಲಿನ ಯುದ್ಧದಲ್ಲಿ ಸೆರೆಸಿಕ್ಕು, ಕಾಯಿಲೆ ಬಿದ್ದು ಮರಳಿದ ಮೇಲೆ ಮನಸ್ಸು ಬದಲಾಗತೊಡಗಿತು. ಆ ಕಾಲದಲ್ಲಿ ಕುಷ್ಠರೋಗಿಗಳನ್ನು ಊರಾಚೆ ಇಡುತ್ತಿದ್ದರು. ಅವರನ್ನು ಕಂಡರೆ ಹೇಸುತ್ತಿದ್ದ ಫ್ರಾನ್ಸಿಸರು ಅವರ ನಡುವೆಯೇ ಹೋಗಿ ಸೇವೆ ಮಾಡಿದರು. ತಮ್ಮ ಹೊಸ ಬದುಕು ಆರಂಭವಾದದ್ದು ಅಲ್ಲಿಂದಲೇ ಎಂದು ಕೊನೆಗಾಲದ ಬರಹದಲ್ಲಿ ಅವರೇ ಹೇಳಿದ್ದಾರೆ. ಮುಂದೆ ಮನೆಯ ಸಿರಿಯನ್ನು ತೊರೆದು, ಧರ್ಮಾಧ್ಯಕ್ಷರ ಎದುರಿನಲ್ಲಿ ತೊಟ್ಟ ಬಟ್ಟೆಯನ್ನೂ ತಂದೆಗೆ ಮರಳಿಸಿದರು. 1209ರಲ್ಲಿ ಅವರನ್ನು ಹಿಂಬಾಲಿಸಿ ಸೇರಿದ ಸಣ್ಣ ಗುಂಪಿಗೆ ಪೋಪರ ಒಪ್ಪಿಗೆ ದೊರೆಯಿತು. 1212ರಲ್ಲಿ ಅಸ್ಸಿಸಿಯ ಕ್ಲಾರಾ ಎಂಬ ಯುವತಿಯೂ ಅದೇ ದಾರಿ ಹಿಡಿದರು.

1219ರಲ್ಲಿ, ಕ್ರೈಸ್ತರಿಗೂ ಮುಸ್ಲಿಮರಿಗೂ ನಡೆಯುತ್ತಿದ್ದ ಧರ್ಮಯುದ್ಧದ ನಡುವೆ, ಫ್ರಾನ್ಸಿಸರು ಆಯುಧವಿಲ್ಲದೆ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಅವರನ್ನು ಭೇಟಿಯಾದರು. ಸುಲ್ತಾನರು ಮರ್ಯಾದೆಯಿಂದ ಮಾತಾಡಿಸಿ ಕಳುಹಿಸಿದರು. 1223ರ ಕ್ರಿಸ್ಮಸ್‌ಗೆ ಗ್ರೆಚ್ಚೋ ಎಂಬಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆ ಕಟ್ಟಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರ ಕಣ್ಮುಂದೆ ತಂದರು. ಇಂದು ಕ್ರೈಸ್ತ ಮನೆಗಳಲ್ಲಿ ಕಟ್ಟುವ ಗೋದಲಿ ಹರಡಲು ಆ ರಾತ್ರಿ ದೊಡ್ಡ ಪ್ರೇರಣೆ.

ಎಲ್ಲಕ್ಕಿಂತ ಪ್ರೀತಿಯಿಂದ ನೆನೆಯಬೇಕಾದದ್ದು ಅವರ ಸೃಷ್ಟಿಗೀತೆ. ಕಣ್ಣು ಬಹುಮಟ್ಟಿಗೆ ಹೋಗಿತ್ತು, ಬೆಳಕು ಬಿದ್ದರೆ ನೋವು. ಅಂಥ ಹೊತ್ತಿನಲ್ಲಿ, 1225ರ ಸುಮಾರಿಗೆ, ಅವರು ಸೂರ್ಯನನ್ನು ಅಣ್ಣನೆಂದು, ನೀರನ್ನು ತಂಗಿಯೆಂದು, ಭೂಮಿಯನ್ನು ತಾಯಿಯೆಂದು ಕರೆದು ದೇವರನ್ನು ಹೊಗಳಿದರು. ಪಂಡಿತರ ಲ್ಯಾಟಿನ್ ಬಿಟ್ಟು ಊರ ಜನರ ನುಡಿಯಲ್ಲೇ ಹಾಡಿದರು. 1226ರ ಅಕ್ಟೋಬರ್ 3ರಂದು ತೀರಿಕೊಂಡರು.

ಆ ದಾರಿ ಇಂದಿಗೂ ನಡೆಯುತ್ತಿದೆ. ಮಂಗಳೂರಿನಲ್ಲಿ 1887ರಲ್ಲಿ ಆರಂಭವಾದ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರೂ ಫರಂಗಿಪೇಟೆಯ ಕಪುಚಿನ್ ಸಹೋದರರೂ ಈ ಮನೆತನದವರು. ಮನೆ, ಮಕ್ಕಳು, ಉದ್ಯೋಗ ಬಿಡದೆ ಇದೇ ದಾರಿಯಲ್ಲಿ ನಡೆಯುವ ಗೃಹಸ್ಥರ ಸಂಘವೂ ಇದೆ. 1986ರಲ್ಲಿ ಹಲವು ಧರ್ಮಗಳ ಮುಖಂಡರು ಶಾಂತಿಗಾಗಿ ಪ್ರಾರ್ಥಿಸಲು ಸೇರಿದ್ದು ಅಸ್ಸಿಸಿಯಲ್ಲೇ. ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ 2015ರಲ್ಲಿ ಹೊರಡಿಸಿದ ಪತ್ರಕ್ಕೆ ಸೃಷ್ಟಿಗೀತೆಯ ಸೊಲ್ಲನ್ನೇ ಹೆಸರಾಗಿಟ್ಟರು.

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಈ ಸಂತರದೇ ಹೆಸರು. ಅಕ್ಟೋಬರ್ 4ರ ಹಬ್ಬದ ಆಸುಪಾಸಿನಲ್ಲಿ ಅಮೆರಿಕದ ಹಲವು ಚರ್ಚುಗಳಲ್ಲಿ ನಾಯಿ, ಬೆಕ್ಕುಗಳನ್ನು ಆಶೀರ್ವದಿಸುತ್ತಾರೆ. ಅಲ್ಲಿ ಬೆಳೆಯುವ ಹೊರನಾಡ ಕನ್ನಡಿಗರ ಮಕ್ಕಳಿಗೆ ಹೀಗೆ ಪ್ರಾಣಿಗಳ, ಹಕ್ಕಿಗಳ ಸಂತ ಪರಿಚಿತ, ಕುಷ್ಠರೋಗಿಗಳ ಗೆಳೆಯ ಮಾತ್ರ ಅಪರಿಚಿತ. ಹಿರಿಯರು ಎರಡನ್ನೂ ಕೂಡಿಸಿ ಹೇಳಬೇಕು. ಬೇಡದ್ದನ್ನು ಕೊಳ್ಳದಿರುವುದು, ಅನ್ನ ನೀರು ಪೋಲು ಮಾಡದಿರುವುದು, ಶಾಲೆಯಲ್ಲಿ ಒಂಟಿಯಾದವರ ಪಕ್ಕ ಕೂರುವುದು, ಬೇರೆ ಧರ್ಮದವರ ಮಾತು ಕೇಳುವುದು: ಮಕ್ಕಳೂ ಇಂದೇ ಆರಂಭಿಸಬಹುದಾದ ಫ್ರಾನ್ಸಿಸ್ಕನ್ ನಡೆಗಳಿವು.