ಬಣ್ಣ ಹಿಡಿಯದ ಬ್ಯಾಕ್ಟೀರಿಯಾ ಮತ್ತು ಗ್ರಾಮ್ ಡಾಕ್ಟ್ರು

ಮಾಗಡಿ ಹತ್ತಿರದ ಕೆಂಪಾಪುರ ಅಂದ್ರೆ ನಮಗೆಲ್ಲ ಕೆಂಪೇಗೌಡರ ಸಮಾಧಿ ನೆನಪಾಗುತ್ತೆ. ಆ ಕಡೆ ರೇಷ್ಮೆ ಸಾಕೋರಿಗೆ ಇನ್ನೊಂದು ಚಿಂತೆ ಇರುತ್ತೆ, ಸಪ್ಪೆ ರೋಗ. ಹುಳ ಸೊಪ್ಪು ತಿನ್ನೋದು ಬಿಟ್ಟು, ಮೆತ್ತಗಾಗಿ, ಸತ್ತ ಮೇಲೆ ಕಪ್ಪಾಗುತ್ತೆ. ಅದರೊಳಗೆ ಎಂಥ ಬ್ಯಾಕ್ಟೀರಿಯಾ ಇದೆ ಅಂತ ಲ್ಯಾಬಿನಲ್ಲಿ ನೋಡಲು ಮೊದಲು ಮಾಡೋ ಟೆಸ್ಟ್‌ಗಳಲ್ಲಿ ಒಂದು ಗ್ರಾಮ್ ಸ್ಟೇನ್. ನಾವಂತೂ ಇದನ್ನ ತೂಕದ ಗ್ರಾಮ್ ಅಂದ್ಕೊಂಡಿದ್ವಿ. ಅದು ಒಬ್ಬ ಮನುಷ್ಯನ ಹೆಸರು.

ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಹುಟ್ಟಿದ್ದು 1853ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಮೊದಲು ಸಸ್ಯಶಾಸ್ತ್ರ ಓದಿದರು, 1878ರಲ್ಲಿ ಡಾಕ್ಟರಾದರು. ಐದಾರು ವರ್ಷದ ನಂತರ ಬರ್ಲಿನ್‌ಗೆ ಹೋಗಿ ಕಾರ್ಲ್ ಫ್ರೀಡ್‌ಲ್ಯಾಂಡರ್ ಎಂಬುವರ ಜೊತೆ ಆಸ್ಪತ್ರೆಯ ಶವಾಗಾರದಲ್ಲಿ ಕೆಲಸಕ್ಕೆ ಸೇರಿದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶವನ್ನ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡೋ ಕೆಲಸ. ಬಣ್ಣ ಹಾಕಿದ್ರೆ ಮಾಂಸ, ಬ್ಯಾಕ್ಟೀರಿಯಾ ಎರಡೂ ಒಂದೇ ಬಣ್ಣ ಆಗೋದೇ ತೊಂದರೆ.

ಗ್ರಾಮ್ ನೇರಳೆ ಬಣ್ಣ ಹಾಕಿ, ಮೇಲೆ ಅಯೋಡಿನ್ ಹಾಕಿ, ಆಲ್ಕೋಹಾಲ್‌ನಲ್ಲಿ ತೊಳೆದರು. ಮಾಂಸದ ಬಣ್ಣ ಹೋಯ್ತು, ಬ್ಯಾಕ್ಟೀರಿಯಾದ್ದು ಉಳೀತು. ಆದರೆ ಎಲ್ಲದರದ್ದೂ ಅಲ್ಲ. ಟೈಫಾಯ್ಡ್ ಬ್ಯಾಕ್ಟೀರಿಯಾ ಬಣ್ಣ ಬಿಟ್ಟುಬಿಡ್ತಿತ್ತು. 1884ರಲ್ಲಿ ಲೇಖನ ಪ್ರಕಟಿಸುವಾಗ ತಮ್ಮ ವಿಧಾನ ಇನ್ನೂ ದೋಷಪೂರ್ಣ ಅಂತ ಅವರೇ ಬರೆದುಕೊಂಡರು. ರೀಡಿಂಗ್ ಸರಿಯಾಗಿ ಬರದಿದ್ರೆ ಪಕ್ಕದವರ ರೆಕಾರ್ಡ್ ನೋಡಿ ತುಂಬಿಸೋ ನಮಗೆ ಇದು ಸ್ವಲ್ಪ ಚುಚ್ಚುತ್ತೆ. ಬಣ್ಣ ಬಿಟ್ಟವಕ್ಕೆ ಕೆಂಪು ಹಚ್ಚೋ ಹಂತ ಕೂಡ ಅವರದ್ದಲ್ಲ, ಆಮೇಲೆ ಬೇರೆಯವರು ಸೇರಿಸಿದ್ದು.

ಆಮೇಲೆ ಅವರು ಕೋಪನ್‌ಹೇಗನ್‌ನಲ್ಲಿ ಔಷಧಶಾಸ್ತ್ರದ, ನಂತರ ವೈದ್ಯಶಾಸ್ತ್ರದ ಪ್ರೊಫೆಸರ್ ಆದರು. 1923ರಲ್ಲಿ ನಿವೃತ್ತಿ, 1938ರಲ್ಲಿ ಸಾವು. ಕೆಲವು ಬ್ಯಾಕ್ಟೀರಿಯಾ ಯಾಕೆ ಬಣ್ಣ ಬಿಡುತ್ತೆ ಅನ್ನೋದು ಅವರಿಗೆ ಕೊನೆವರೆಗೂ ತಿಳಿಯಲಿಲ್ಲ.

ಕಾರಣ ಇಷ್ಟು. ಬಣ್ಣ ಹಿಡಿಯೋ ಜಾತಿಗೆ ಒಂದೇ ಪೊರೆ, ಅದರ ಹೊರಗೆ ದಪ್ಪ ಗೋಡೆ. ಬಿಡೋ ಜಾತಿಗೆ ಗೋಡೆ ತೆಳು, ಅದರಾಚೆ ಲಿಪಿಡ್‌ನಿಂದಾದ ಇನ್ನೊಂದು ಪೊರೆ. ಆಲ್ಕೋಹಾಲ್‌ಗೆ ಆ ಹೊರಪೊರೆ ಕರಗುತ್ತೆ, ಬಣ್ಣ ಸೋರಿ ಹೋಗುತ್ತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದು ಕಾಣೋ ಹೊತ್ತಿಗೆ ಗ್ರಾಮ್ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ವ್ಯಾಂಕೋಮೈಸಿನ್‌ನಂಥ ಆಂಟಿಬಯಾಟಿಕ್ ಒಳಗೆ ಹೋಗದಂತೆ ತಡೆಯೋದೂ ಇದೇ ಪೊರೆ.

ಇಲ್ಲೊಂದು ಇಂಜಿನಿಯರಿಂಗ್ ಪ್ರಶ್ನೆ ಇದೆ. ಹೊರಪೊರೆಯ ಲಿಪಿಡ್ ತಯಾರಾಗೋದು ಒಳಗೆ. ಎರಡು ಪೊರೆಗಳ ಮಧ್ಯೆ ನೀರಿನಂಥ ಜಾಗ. ಎಣ್ಣೆ ಗುಣದ ಲಿಪಿಡ್ ಅದನ್ನ ದಾಟೋದು ಹೇಗೆ? ಎಲ್‌ಪಿಎಸ್ ಅನ್ನೋ ಲಿಪಿಡ್‌ಗೆ ಎಲ್‌ಪಿಟಿ ಅನ್ನೋ ಏಳು ಪ್ರೋಟೀನ್‌ಗಳು ಸೇರಿ ಸೇತುವೆ ಕಟ್ಟಿವೆ. ಒಳಗಿನ ತುದಿಯಲ್ಲಿ ಎಟಿಪಿ ಖರ್ಚಾಗುತ್ತೆ. ರಶ್ಶಾದ ಬಸ್ಸಲ್ಲಿ ಹಿಂದಿನವರು ತಳ್ಳಿದ ಹಾಗೆ ಒಂದೊಂದು ಲಿಪಿಡ್ ಮುಂದಿನದನ್ನ ತಳ್ಳಿಕೊಂಡು ಹೋಗುತ್ತೆ.

ಈ ಸೇತುವೆಯನ್ನೇ ಕಟ್ಟಿಹಾಕೋ ಜೋಸುರಾಬಾಲ್ಪಿನ್ ಎಂಬ ಔಷಧದ ಬಗ್ಗೆ 2024ರಲ್ಲಿ ಲೇಖನ ಬಂತು. ಬೇರೆ ಔಷಧಿಗೆ ಬಗ್ಗದ ಅಸಿನೆಟೋಬ್ಯಾಕ್ಟರ್ ಅದರ ಗುರಿ. ಸಾಗಣೆ ನಿಂತು ಎಲ್‌ಪಿಎಸ್ ಒಳಗೇ ರಾಶಿ ಬೀಳುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ. ಗ್ರಾಮ್ ಸ್ಟೇನ್ ಮಾಡಿದ್ರೆ ಈ ಅಸಿನೆಟೋಬ್ಯಾಕ್ಟರ್ ಕೂಡ ಸಾಮಾನ್ಯವಾಗಿ ಬಣ್ಣ ಬಿಡೋ ಜಾತಿಯದ್ದೇ.